ಮುಂದಿನ ಬ್ರೇಕ್ ಮುಟ್ಟಲೇ ಇಲ್ಲ, ಆದರೂ ಬಿದ್ದಿದ್ದು ಯಾಕೆ?

ಓದುಗರೊಬ್ಬರ ಪ್ರಶ್ನೆ ಹೀಗಿದೆ:

"ಸರ್, ನನಗೆ 37 ವರ್ಷ. ಎತ್ತರ 172 ಸೆಂ.ಮೀ., ತೂಕ 75 ಕೆ.ಜಿ. ಊರು ಮೂಡಿಗೆರೆ ಕಡೆ, ಕೆಲಸ ಬೆಂಗಳೂರಲ್ಲಿ. ಕಳೆದ ವರ್ಷ ಎಕ್ಸ್‌ಪಲ್ಸ್ 200 4ವಿ ಬೈಕ್ ತಗೊಂಡೆ. ರಜೆಗೆ ಹೋದಾಗ ನಮ್ಮದೇ ತೋಟದ ದಾರಿಗಳಲ್ಲಿ ಓಡಿಸ್ತೀನಿ. ಗೆಳೆಯರು ಹೇಳಿಕೊಟ್ಟಿದ್ದು ಮೂರು ಮಾತು. ನಿಂತು ಓಡಿಸು, ನಿಂತರೆ ಗುರುತ್ವ ಕೇಂದ್ರ ಕೆಳಗೆ ಬರುತ್ತೆ. ಇಳಿಜಾರಲ್ಲಿ ಮೈಯನ್ನ ಪೂರ್ತಿ ಹಿಂದಕ್ಕೆ ಹಾಕು. ಮುಂದಿನ ಬ್ರೇಕ್ ಮುಟ್ಟಬೇಡ. ಮೂರನ್ನೂ ಪಾಲಿಸಿದೆ ಸರ್. ಆದ್ರೂ ಜಲ್ಲಿ ಕಲ್ಲಿನ ಒಂದು ಇಳಿಜಾರಲ್ಲಿ ಗಾಡಿ ನಿಲ್ಲಲೇ ಇಲ್ಲ, ಕೆಳಗಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದೆ. ಮೊಣಕೈ ತರಚಿದ್ದು ಬಿಟ್ರೆ ಏನೂ ಆಗಲಿಲ್ಲ. ಅದಲ್ಲದೆ ಅರ್ಧ ಗಂಟೆ ನಿಂತು ಓಡಿಸಿದರೆ ಸೊಂಟ ಹಿಡ್ಕೊಳ್ಳುತ್ತೆ, ಅಂಗೈ ಜುಮ್ ಅನ್ನುತ್ತೆ. ಹ್ಯಾಂಡಲ್ ಎತ್ತರಿಸೋ ರೈಸರ್ ಹಾಕಿಸಲಾ? ಗಾಡಿಗೆ ತೂಕ ಸಾಲದು, ಹಿಮಾಲಯನ್ ಬೈಕ್ ಆದ್ರೆ ನೆಲ ಕಚ್ಚುತ್ತೆ ಅಂತಾನೆ ಒಬ್ಬ. ಯಾವುದು ನಿಜ?"

ಬಿದ್ದಿದ್ದಕ್ಕಿಂತ ನಿಮಗೆ ಜಾಸ್ತಿ ಕಾಡುತ್ತಿರುವುದು ಬೇರೆ ಅನ್ನಿಸುತ್ತದೆ. ಹೇಳಿದ್ದನ್ನೆಲ್ಲ ಮಾಡಿದರೂ ಬಿದ್ದೆನಲ್ಲ, ತಪ್ಪು ನನ್ನದಾ ಅಥವಾ ಹೇಳಿಕೊಟ್ಟವರದಾ ಅಂತ. ಜಾಸ್ತಿ ಪಾಲು ಹೇಳಿಕೊಟ್ಟವರದ್ದು. ಮೊದಲನೇ ಮಾತಿನಲ್ಲಿ ಸಲಹೆ ಸರಿ, ಕೊಟ್ಟ ಕಾರಣ ತಪ್ಪು. ಎರಡನೆಯದು ಅರ್ಧ ಸತ್ಯ. ಮೂರನೆಯದು ಸುಮ್ನೆ ಅಪಾಯ. ನಿಮ್ಮನ್ನು ಬೀಳಿಸಿದ್ದು ಆ ಮೂರನೆಯದೇ ಅಂತ ನನ್ನ ಲೆಕ್ಕ. ಲೆಕ್ಕ ಅಂದರೆ ನಿಜವಾಗಿಯೂ ಲೆಕ್ಕವೇ, ಕೆಳಗೆ ಹಾಕಿ ತೋರಿಸುತ್ತೇನೆ.

ಮೊದಲು ಗುರುತ್ವ ಕೇಂದ್ರದ ವಿಷಯ ಮುಗಿಸಿಬಿಡೋಣ, ಯಾಕೆಂದರೆ ನನ್ನ ಹತ್ತಿರ ಕಲಿಯಲು ಬರುವ ಹತ್ತರಲ್ಲಿ ಎಂಟು ಜನ ಇದನ್ನು ಹೇಳಿಕೊಂಡೇ ಬರುತ್ತಾರೆ. ಅವರ ವಾದ ಇಷ್ಟು: ಕೂತರೆ ತೂಕ ಸೀಟಿನ ಮೇಲೆ, ನಿಂತರೆ ಫುಟ್‌ಪೆಗ್ ಮೇಲೆ, ಪೆಗ್ (ಪಾದ ಊರುವ ಕಡ್ಡಿ) ಸೀಟಿಗಿಂತ ಕೆಳಗಿದೆ, ಹಾಗಾಗಿ ಗುರುತ್ವ ಕೇಂದ್ರ ಕೆಳಗೆ ಬಂತು. ಕೇಳೋಕೆ ಚೆನ್ನಾಗಿದೆ. ಆದರೆ ತಲೆ ಮೇಲೆ ಕೊಡ ಹೊತ್ತವರ ತೂಕವೂ ಪಾದದಿಂದಲೇ ನೆಲಕ್ಕೆ ಹೋಗುತ್ತದೆ, ಹಾಗಂತ ಕೊಡ ಪಾದದ ಹತ್ತಿರ ಇದೆ ಅನ್ನೋಕಾಗುತ್ತದಾ? ತೂಕ ಎಲ್ಲಿ ಊರುತ್ತದೆ ಅನ್ನುವುದು ಒಂದು, ತೂಕ ಎಲ್ಲಿದೆ ಅನ್ನುವುದು ಇನ್ನೊಂದು.

ನಿಮ್ಮ ಅಳತೆಯನ್ನೇ ತಗೊಳ್ಳೋಣ. ಗಾಡಿ 158 ಕೆ.ಜಿ. ಆಸುಪಾಸು, ನೀವು 75, ಒಟ್ಟು 233. ಕೂತಾಗ ನಿಮ್ಮ ಮೈಯ ತೂಕದ ಕೇಂದ್ರ, ಅಂದರೆ ಹೊಕ್ಕುಳಿನ ಹತ್ತಿರದ ಜಾಗ, ನೆಲದಿಂದ ಸುಮಾರು ಒಂದು ಮೀಟರ್ ಮೇಲಿರುತ್ತದೆ. ಮಂಡಿ ಬಗ್ಗಿಸಿ ನಿಂತರೆ ಅದು ಇನ್ನೂ 20 ಸೆಂ.ಮೀ.ನಷ್ಟು ಮೇಲೆ ಹೋಗುತ್ತದೆ. ಗಾಡಿ ಮತ್ತು ನೀವು ಸೇರಿದ ಒಟ್ಟು ಕೇಂದ್ರ 6 ಸೆಂ.ಮೀ. ಮೇಲೇರುತ್ತದೆ. ಕೆಳಗೆ ಬರುವುದಿಲ್ಲ, ಮೇಲೆ ಹೋಗುತ್ತದೆ. ಇಲ್ಲಿಗೆ ಆ ಮಾತು ಮುಗಿಯಿತು.

ಹಾಗಾದರೆ ನಿಲ್ಲುವುದು ಯಾಕೆ?

ಘಾಟಿಯಲ್ಲಿ ಬಸ್ ಕಂಡಕ್ಟರ್ ಟಿಕೆಟ್ ಕೊಡುವುದನ್ನು ನೋಡಿದ್ದೀರಲ್ಲ. ಚಾರ್ಮಾಡಿ ಇಳಿಯುವಾಗ ನಾವೆಲ್ಲ ಕಂಬಿಗೆ ನೇತಾಡಿಕೊಂಡು ಪ್ರತಿ ತಿರುವಿಗೂ ಪಕ್ಕದವರ ಮೇಲೆ ಬೀಳುತ್ತಿರುತ್ತೇವೆ. ಅವರು ಎರಡೂ ಕೈಯಲ್ಲಿ ಟಿಕೆಟ್ ಮಷೀನು, ಚಿಲ್ಲರೆ ಹಿಡಿದು, ಸೊಂಟವನ್ನು ಸೀಟಿನ ಅಂಚಿಗೆ ಸ್ವಲ್ಪ ಆನಿಸಿ, ಮಂಡಿ ಸಡಿಲ ಬಿಟ್ಟು ನಿಂತಿರುತ್ತಾರೆ. ಬಸ್ಸು ಅಲ್ಲಾಡುತ್ತದೆ, ಅವರು ಅಲ್ಲಾಡುವುದಿಲ್ಲ. ಅವರ ಗುರುತ್ವ ಕೇಂದ್ರವೇನೂ ನಮಗಿಂತ ಕೆಳಗಿಲ್ಲ. ನಾವು ಬಸ್ಸಿಗೆ ಕಟ್ಟಿದ ಮೂಟೆಯ ಹಾಗಿದ್ದೇವೆ, ಅವರು ಬಸ್ಸಿನ ಮೇಲೆ ನಿಂತಿದ್ದಾರೆ. ವ್ಯತ್ಯಾಸ ಅಷ್ಟೇ.

ಬೈಕಿನಲ್ಲೂ ಹಾಗೇ. ಕೂತಾಗ ನಿಮ್ಮ 75 ಕೆ.ಜಿ. ಗಾಡಿಗೆ ಅಂಟಿಕೊಂಡಿರುತ್ತದೆ. ಮುಂದಿನ ಚಕ್ರ ಒಂದು ಕಲ್ಲಿಗೆ ತಾಗಿ ಗಾಡಿ ಎಡಕ್ಕೆ ವಾಲಿದರೆ ನೀವೂ ಎಡಕ್ಕೆ ವಾಲುತ್ತೀರಿ, ಆಮೇಲೆ 233 ಕೆ.ಜಿ.ಯನ್ನು ಒಟ್ಟಿಗೆ ನೆಟ್ಟಗೆ ಮಾಡಬೇಕು. ನಿಂತಾಗ ನಿಮಗೂ ಗಾಡಿಗೂ ನಡುವೆ ಒಂದು ಕೀಲು ಹುಟ್ಟುತ್ತದೆ, ಪಾದದ ಹತ್ತಿರ. ಗಾಡಿ ಕೆಳಗೆ ಎಡಕ್ಕೆ ಹೋಗಿ ಬಲಕ್ಕೆ ಬರುತ್ತದೆ, ಮೈ ಮಾತ್ರ ಹೊರಟ ದಿಕ್ಕಿನಲ್ಲೇ ಹೋಗುತ್ತಿರುತ್ತದೆ. ಅಲ್ಲಾಡುವುದು ಬರೀ ಗಾಡಿಯ ತೂಕ, ನಿಮ್ಮದಲ್ಲ, ಹಾಗಾಗಿ ಅದು ಬೇಗ ನೆಟ್ಟಗಾಗುತ್ತದೆ.

ಇನ್ನೊಂದು ಲಾಭ ಮಂಡಿಯದು. ನಿಮ್ಮ ಗಾಡಿಯ ಹಿಂದಿನ ಶಾಕ್ 170 ಮಿ.ಮೀ. ಓಡುತ್ತದೆ, ಮುಂದಿನದು 190. ಬಗ್ಗಿದ ಮಂಡಿ ಸುಲಭವಾಗಿ ಅದಕ್ಕಿಂತ ಜಾಸ್ತಿ ಮಡಚುತ್ತದೆ, ಮೇಲಾಗಿ ಮಂಡಿಗೆ ಕಣ್ಣಿದೆ, ಅಂದರೆ ನೀವು ನೋಡಿ ಮೊದಲೇ ಸಡಿಲ ಬಿಡಬಹುದು. ಕೂತಿದ್ದಾಗ ಹಿಂದಿನ ಚಕ್ರ ಕಲ್ಲು ಹತ್ತಿದರೆ ಸೀಟು ನಿಮ್ಮನ್ನು ಒದೆಯುತ್ತದೆ. ಆ ಒದೆತ ಮೇಲಕ್ಕೆ ಮಾತ್ರ ಅಲ್ಲ, ಹ್ಯಾಂಡಲ್ ಕಡೆಗೂ ತಳ್ಳುತ್ತದೆ. ತಳ್ಳಿಸಿಕೊಂಡ ಕೈ ಬೇಡದಿದ್ದರೂ ಆಕ್ಸಿಲರೇಟರ್ ತಿರುಗಿಸುತ್ತದೆ. ಹಳ್ಳ ದಾಟುವಾಗ ಹೊಸಬರ ಗಾಡಿ ಇದ್ದಕ್ಕಿದ್ದಂತೆ ಮುಂದಕ್ಕೆ ನುಗ್ಗುವುದು ಹೀಗೇ.

ಈಗ ನಿಮ್ಮ ಸೊಂಟ ಮತ್ತು ಅಂಗೈಗೆ ಬರೋಣ, ಯಾಕೆಂದರೆ ಅವೆರಡೂ ಒಂದೇ ಕಥೆ ಹೇಳುತ್ತಿವೆ. ನೀವು ನಿಂತಿದ್ದೀರಿ, ನಿಜ, ಆದರೆ ಕಂಡಕ್ಟರ್ ಹಾಗೆ ಅಲ್ಲ. ಕಂಬಿ ಹಿಡಿದ ಪ್ರಯಾಣಿಕರ ಹಾಗೆ ನಿಂತಿದ್ದೀರಿ. ಮಂಡಿ ನೇರ, ಸೊಂಟದಿಂದ ಮೇಲೆ ಮುಂದಕ್ಕೆ ಬಾಗಿ, ಆ ಬಾಗಿದ ತೂಕವನ್ನು ಅಂಗೈ ಮೇಲೆ ಹೊರಿಸಿ. ಫೋಟೋ ಕಳಿಸದಿದ್ದರೂ ಹೇಳಬಲ್ಲೆ, ಶುರುವಿನಲ್ಲಿ ಎಲ್ಲರೂ ಹೀಗೇ ನಿಲ್ಲುತ್ತಾರೆ. ತಲೆ ಮತ್ತು ಎದೆ ಮುಂದೆ ಬಂದರೆ ಅಷ್ಟೇ ತೂಕ ಹಿಂದೆ ಹೋಗಬೇಕು, ಆಗಲೇ ಪಾದದ ಮೇಲೆ ಸಮ ನಿಲ್ಲುವುದು. ಹಾಗಾಗಿ ಮಂಡಿ ಸ್ವಲ್ಪ ಮಡಚಿ, ಪೃಷ್ಠ ಹಿಂದಕ್ಕೆ, ಬೆನ್ನು ನೇರ ಇಟ್ಟು ಸೊಂಟದ ಕೀಲಿನಿಂದ ಬಾಗಬೇಕು. ಬಾವಿಯಿಂದ ಕೊಡ ಎತ್ತುವವರು ಬಾಗುತ್ತಾರಲ್ಲ, ಹಾಗೆ. ಮಂಡಿಯ ಒಳಬದಿ ಟ್ಯಾಂಕಿಗೆ ಮೆಲ್ಲಗೆ ಒತ್ತಿರಲಿ. ಅದು ಕಂಡಕ್ಟರ್ ಸೊಂಟ ಆನಿಸುವ ಸೀಟಿನ ಅಂಚು ಇದ್ದ ಹಾಗೆ.

ಸರಿ ನಿಂತಿದ್ದೀರಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಸಮತಟ್ಟಾದ ಮೈದಾನದಲ್ಲಿ, ಎರಡನೇ ಗೇರಿನಲ್ಲಿ, 15 ಕಿ.ಮೀ. ವೇಗದಲ್ಲಿ ನಿಂತು ಹೋಗುತ್ತಾ ಎರಡೂ ಕೈಯ ಬೆರಳುಗಳನ್ನು ಅರೆಕ್ಷಣ ಬಿಡಿಸಿ. ಕೈ ಎತ್ತಬೇಡಿ, ಬೆರಳು ಬಿಡಿಸಿದರೆ ಸಾಕು. ಮೈ ಮುಂದಕ್ಕೆ ಕುಸಿದರೆ ನೀವು ಹ್ಯಾಂಡಲ್ ಮೇಲೆ ಮಲಗಿದ್ದಿರಿ. ಹಿಂದಕ್ಕೆ ಹೋದರೆ ಹ್ಯಾಂಡಲ್‌ಗೆ ಜೋತು ಬಿದ್ದಿದ್ದಿರಿ. ಏನೂ ಆಗದಿದ್ದರೆ ಸರಿ ನಿಂತಿದ್ದೀರಿ. ನಾನು ಕಲಿಸುವಾಗ ಮೊದಲ ಒಂದು ಗಂಟೆ ಇದನ್ನು ಬಿಟ್ಟು ಬೇರೇನೂ ಮಾಡಿಸುವುದಿಲ್ಲ. ಬಂದವರಿಗೆ ಬೇಜಾರಾಗುತ್ತದೆ, ಗುಡ್ಡ ಹತ್ತಿಸಲಿ ಅಂತ ಕಾಯುತ್ತಿರುತ್ತಾರೆ. ಆಗಲಿ ಬಿಡಿ.

ಆಕ್ಸಿಲರೇಟರ್ ಕೊಟ್ಟಾಗ ಈ ಸಮ ನಿಲ್ಲುವ ಜಾಗ ಬದಲಾಗುತ್ತದೆ. ಗಾಡಿ ಮುಂದೆ ನುಗ್ಗುವ ಮೊದಲೇ ಮೈ ಮುಂದೆ ಬಾಗಬೇಕು, ಬ್ರೇಕ್ ಹಿಡಿಯುವ ಮೊದಲೇ ಹಿಂದೆ ಸರಿಯಬೇಕು. ಬಸ್ಸು ಹೊರಡುವ ಮುಂಚೆ ಕಂಡಕ್ಟರ್ ಬಾಗಿರುತ್ತಾರೆ, ರೈಟ್ ಅಂದವರು ಅವರೇ ಅಲ್ವಾ? ಗುರುತ್ವದ ಮೂರನೇ ಒಂದು ಭಾಗದಷ್ಟು ವೇಗ ಹೆಚ್ಚುತ್ತಿದ್ದರೆ, ಅಂದರೆ ಗಟ್ಟಿಯಾಗಿಯೇ ತಿರುಗಿಸಿದರೆ, ಸುಮಾರು 18 ಡಿಗ್ರಿ ಮುಂದೆ ಬಾಗಬೇಕಾಗುತ್ತದೆ. ಬಾಗದಿದ್ದರೆ ಆ ಕೊರತೆಯನ್ನು ತುಂಬುವುದು ಕೈ. ಕೈ ಹ್ಯಾಂಡಲ್ ಎಳೆಯುತ್ತದೆ.

ಕೈ ಎಳೆದರೆ ಏನು ಕಷ್ಟ? ಓಡುವ ಗಾಡಿಯ ಮುಂದಿನ ಚಕ್ರಕ್ಕೆ ತನ್ನಷ್ಟಕ್ಕೆ ನೆಟ್ಟಗಾಗುವ ಗುಣ ಇದೆ. ಹ್ಯಾಂಡಲ್ ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ, ಹಾಗಾಗಿ ಟೈರು ಹಿಂದೆ ಹಿಂದೆ ಎಳೆಸಿಕೊಂಡು ಬರುತ್ತದೆ, ತಳ್ಳುಗಾಡಿಯ ಚಿಕ್ಕ ಚಕ್ರದ ಹಾಗೆ. ಕಲ್ಲಿಗೆ ತಾಗಿ ಹ್ಯಾಂಡಲ್ ಪಟ್ ಅಂತ ತಿರುಗಿದರೂ ಮರುಕ್ಷಣ ತಾನೇ ವಾಪಸ್ ಬರುತ್ತದೆ. ಬಿಗಿ ಹಿಡಿದ ಕೈ ಅದನ್ನು ತಡೆಯುತ್ತದೆ. ಹಪ್ಪಳ ಹಿಡಿಯುವ ಹಾಗೆ ಹಿಡಿಯಿರಿ ಅನ್ನುತ್ತೇನೆ ನಾನು, ಬೀಳಬಾರದು, ಮುರಿಯಲೂಬಾರದು. ಮರಳಿನಲ್ಲಂತೂ ಇದು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅಲ್ಲಿ ಹ್ಯಾಂಡಲ್ ಹಾವಿನಂತೆ ಆಡುತ್ತದೆ, ಆಡಲು ಬಿಡಬೇಕು.

ಇನ್ನು ನೀವು ಬಿದ್ದ ಇಳಿಜಾರು. ಇಲ್ಲಿ ನಿಧಾನವಾಗಿ ಹೋಗೋಣ.

ಆ ದಾರಿ 20 ಡಿಗ್ರಿ ಅಂದುಕೊಳ್ಳಿ, ಅಂದರೆ 11 ಅಡಿ ಮುಂದೆ ಹೋದರೆ 4 ಅಡಿ ಇಳಿಯುವಷ್ಟು. ತೋಟದ ದಾರಿಗಳಲ್ಲಿ ಇಂಥ ತುಂಡುಗಳು ಅಪರೂಪವಲ್ಲ. ನಿಮ್ಮ ಗಾಡಿಯ ಎರಡು ಚಕ್ರಗಳ ನಡುವೆ 141 ಸೆಂ.ಮೀ. ಇದೆ. ಸಮ ನೆಲದಲ್ಲಿ ಒಟ್ಟು ತೂಕದ ಕೇಂದ್ರ ಹೆಚ್ಚುಕಮ್ಮಿ ನಡುವೆ, ನೆಲದಿಂದ 80 ಸೆಂ.ಮೀ. ಎತ್ತರದಲ್ಲಿದೆ ಅಂತ ಇಟ್ಟುಕೊಳ್ಳೋಣ. ಇಳಿಜಾರಿನಲ್ಲಿ ವೇಗ ಏರದಂತೆ ಬ್ರೇಕ್ ಹಿಡಿದು ಇಳಿಯುವಾಗ ಆ ಕೇಂದ್ರದಿಂದ ತೂಗುಬಿಟ್ಟ ದಾರ 29 ಸೆಂ.ಮೀ. ಮುಂದಕ್ಕೆ ಬೀಳುತ್ತದೆ. ಅಂದರೆ ಮುಂದಿನ ಚಕ್ರದ ಮೇಲೆ ನೂರಕ್ಕೆ 70 ಭಾಗ ತೂಕ, ಹಿಂದಿನದರ ಮೇಲೆ ಬರೀ 30.

ಈಗ ಹಿಡಿತ. ಸಡಿಲ ಜಲ್ಲಿಯಲ್ಲಿ ಟೈರು ತನ್ನ ಮೇಲಿನ ಭಾರದ ಅರ್ಧದಷ್ಟು ಬಲವನ್ನು ನೆಲದಿಂದ ಪಡೆಯುತ್ತದೆ ಅಂತ ಲೆಕ್ಕಕ್ಕೆ ಹಿಡಿಯೋಣ. ಇದು ಉದಾರ ಲೆಕ್ಕವೇ. ಇಳಿಜಾರು ನಿಮ್ಮನ್ನು ಕೆಳಕ್ಕೆ ಎಳೆಯುವ ಬಲ 80 ಕೆ.ಜಿ.ಯಷ್ಟು. ಹಿಂದಿನ ಚಕ್ರದ ಮೇಲಿರುವುದು 66 ಕೆ.ಜಿ., ಅದರಿಂದ ಸಿಗುವ ಬ್ರೇಕ್ 33. ಎಳೆಯುವುದು 80, ತಡೆಯುವುದು 33. ನೀವು ಎಷ್ಟೇ ಗಟ್ಟಿಯಾಗಿ ಪೆಡಲ್ ತುಳಿದರೂ, ಮೊದಲನೇ ಗೇರಿನ ಎಂಜಿನ್ ಬ್ರೇಕ್ ಸೇರಿಸಿದರೂ ಅಷ್ಟೇ, ಯಾಕೆಂದರೆ ಎಂಜಿನ್ ತಡೆಯುವುದೂ ಅದೇ ಹಿಂದಿನ ಟೈರಿನ ಮೂಲಕ. ಗಾಡಿ ನಿಲ್ಲಲೇ ಇಲ್ಲ ಅಂತ ಬರೆದಿದ್ದೀರಲ್ಲ, ಅದು ನಿಲ್ಲಲು ಸಾಧ್ಯವೇ ಇರಲಿಲ್ಲ.

ಮೈ ಹಿಂದಕ್ಕೆ ಹಾಕಿದ್ದೆನಲ್ಲ ಅನ್ನುತ್ತೀರಿ. ಹಾಕಿದಿರಿ, ಒಳ್ಳೆಯದು. ನೀವು 20 ಸೆಂ.ಮೀ. ಹಿಂದೆ ಹೋದರೆ ಒಟ್ಟು ಕೇಂದ್ರ ಹಿಂದೆ ಹೋಗುವುದು 6 ಸೆಂ.ಮೀ. ಮಾತ್ರ, ಉಳಿದ 158 ಕೆ.ಜಿ. ಇದ್ದಲ್ಲೇ ಇದೆ. ಹಿಂದಿನ ಬ್ರೇಕ್ 33ರಿಂದ 37ಕ್ಕೆ ಏರಿತು. 80 ಇನ್ನೂ ದೂರ. ಅದೇ ಎರಡೂ ಬ್ರೇಕ್ ಸೇರಿದರೆ ಗರಿಷ್ಠ 109 ಸಿಗುತ್ತದೆ. ಹಿಡಿತವೆಲ್ಲ ಮುಂದಿನ ಚಕ್ರದಲ್ಲಿ ಕೂತಿತ್ತು. ಅದನ್ನು ಮುಟ್ಟಬೇಡ ಅಂದಿದ್ದರು.

ಕೊನೆಯ ತಿರುವು. ಅಷ್ಟು ಹೊತ್ತಿಗೆ ನೀವು 25 ಕಿ.ಮೀ. ವೇಗದಲ್ಲಿದ್ದಿರಿ, ತಿರುವು 8 ಮೀಟರ್ ತ್ರಿಜ್ಯದ್ದು ಅಂದುಕೊಳ್ಳಿ. ಆ ತಿರುವು ತಗೊಳ್ಳಲು ಟೈರಿಗೆ ತನ್ನ ಭಾರದ 0.61ರಷ್ಟು ಬಲ ಬೇಕು. ಇರುವುದು 0.5. ಅದೇ 18 ಕಿ.ಮೀ. ವೇಗದಲ್ಲಾದರೆ 0.32 ಸಾಕಿತ್ತು, ಆರಾಮಾಗಿ ತಿರುಗುತ್ತಿದ್ದಿರಿ. ವೇಗ ಸ್ವಲ್ಪ ಏರಿದರೂ ಬೇಕಾದ ಹಿಡಿತ ಅದರ ವರ್ಗದಲ್ಲಿ ಏರುತ್ತದೆ, ಮೋಸ ಆಗುವುದು ಅಲ್ಲೇ. ಹಾಗಾಗಿ ನಿಮ್ಮ ಮುಂದಿನ ಚಕ್ರ ಬ್ರೇಕ್ ಹಿಡಿದಿದ್ದಕ್ಕೆ ಜಾರಲಿಲ್ಲ, ಹಿಡಿಯದೇ ಇದ್ದಿದ್ದಕ್ಕೆ ಜಾರಿತು. ನನ್ನ ಕೋನ, ತ್ರಿಜ್ಯ ಎಲ್ಲ ಅಂದಾಜು, ನಿಮ್ಮ ದಾರಿ ನಾನು ನೋಡಿಲ್ಲ. ಆದರೆ ಅಂಕಿ ಆಚೀಚೆಯಾದರೂ ಕಥೆ ಬದಲಾಗುವುದಿಲ್ಲ.

ಆ ಸಲಹೆ ಹುಟ್ಟಿದ್ದಕ್ಕೆ ಕಾರಣ ಇಲ್ಲದಿಲ್ಲ. ಮುಂದಿನ ಚಕ್ರ ಲಾಕ್ ಆದರೆ, ಅಂದರೆ ತಿರುಗುವುದನ್ನೇ ನಿಲ್ಲಿಸಿದರೆ, ಅಡ್ಡ ಹಿಡಿತ ಹೋಗುತ್ತದೆ, ಗಾಡಿ ಮಲಗಲು ಒಂದು ಕ್ಷಣ ಸಾಕು. ಹಿಂದಿನದು ಲಾಕ್ ಆದರೆ ಬಾಲ ಆಡಿಸುತ್ತದೆ ಅಷ್ಟೆ, ಸುಧಾರಿಸಿಕೊಳ್ಳಬಹುದು. ಒಂದು ಸಲ ನಾಲ್ಕೂ ಬೆರಳಲ್ಲಿ ಎಳೆದು ಬಿದ್ದವರು ಜೀವನಪೂರ್ತಿ ಮುಟ್ಟಬೇಡ ಅಂತಾರೆ. ಸರಿಯಾದ ಮಾತು ಹೀಗಿರಬೇಕು: ಒಂದೇ ಬೆರಳು, ಅಥವಾ ಎರಡು. ಮೊದಲು ಮೆಲ್ಲಗೆ, ಫೋರ್ಕ್ (ಮುಂದಿನ ಶಾಕ್) ಸ್ವಲ್ಪ ಕೂರುವವರೆಗೆ. ಕೂತಿತು ಅಂದರೆ ಭಾರ ಟೈರಿಗೆ ಬಂತು, ಈಗ ಇನ್ನಷ್ಟು ಒತ್ತಬಹುದು. ನೇರ ಇದ್ದಾಗ ಒತ್ತಿ, ತಿರುವು ಶುರುವಾಗುವ ಹೊತ್ತಿಗೆ ಬಿಡುತ್ತಾ ಬನ್ನಿ. ಚಕ್ರ ಜಾರಿದ ಅನುಮಾನ ಬಂದರೆ ಬೆರಳು ಬಿಡಿ, ಚಕ್ರ ತಿರುಗಿದ ತಕ್ಷಣ ಹಿಡಿತ ವಾಪಸ್ ಬರುತ್ತದೆ. ಇದನ್ನು ಇಳಿಜಾರಿನಲ್ಲಿ ಕಲಿಯಬೇಡಿ. ಸಮ ನೆಲದ ಮಣ್ಣಿನಲ್ಲಿ 20 ಕಿ.ಮೀ.ನಿಂದ ನಿಲ್ಲಿಸುವುದನ್ನು ಐವತ್ತು ಸಲ ಮಾಡಿ. ಒಂದೆರಡು ಸಲ ಬೀಳುತ್ತೀರಿ, ಲಿವರ್ ಮುರಿಯಬಹುದು. ಕಲಿಯುವಷ್ಟು ದಿನ ಮುಂದಿನ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಬೇಡಿ, ಆದರೆ ಅದನ್ನೇ ನಂಬಿಕೊಂಡೂ ಇರಬೇಡಿ. ಸಡಿಲ ಇಳಿಜಾರಿನಲ್ಲಿ ಎಬಿಎಸ್ ಬಿಟ್ಟುಬಿಟ್ಟು ಹಿಡಿಯುವುದರಿಂದ ನಿಲ್ಲುವ ದೂರ ಉದ್ದವಾಗುತ್ತದೆ.

ಹಿಂದಕ್ಕೆ ಎಷ್ಟು ಹೋಗಬೇಕು? ಮೊಣಕೈ ಬಗ್ಗಿರುವಷ್ಟು. ಕೈ ನೇರವಾಯಿತು ಅಂದರೆ ಅತಿಯಾಯಿತು. ನೇರವಾದ ಕೈಗೆ ಹ್ಯಾಂಡಲ್ ತಿರುಗಿಸಲು ಜಾಗ ಇರುವುದಿಲ್ಲ, ಒಂದು ಕಡೆಗೆ ತಿರುಗಿಸಿದರೆ ಇನ್ನೊಂದು ಭುಜವನ್ನು ಎಳೆದುಕೊಂಡು ಹೋಗುತ್ತದೆ. ನನ್ನ ಬಲ ಕಾಲರ್ ಬೋನ್‌ನಲ್ಲಿ ಇವತ್ತಿಗೂ ಒಂದು ಗಂಟು ಇದೆ. ಹದಿನಾಲ್ಕು ವರ್ಷದ ಹಿಂದೆ, ಕಲಿಸಲು ಶುರು ಮಾಡುವ ಮೊದಲು, ಸಕಲೇಶಪುರದ ಹತ್ತಿರ ಒಂದು ಇಳಿಜಾರಲ್ಲಿ ಟೈಲ್ ಲೈಟ್ ಮೇಲೆ ಹೊಟ್ಟೆ ಇಟ್ಟುಕೊಂಡ ಹಾಗೆ ಇಳಿಯುತ್ತಿದ್ದೆ. ವಿಡಿಯೋದಲ್ಲಿ ನೋಡಿದ್ದೆ, ಚೆನ್ನಾಗಿ ಕಾಣುತ್ತಿತ್ತು. ಮಳೆನೀರು ಕೊರೆದ ಚರಂಡಿ ಎಡಕ್ಕೆ ಹೋಗುತ್ತಿತ್ತು, ಮುಂದಿನ ಚಕ್ರ ಅದರ ಜೊತೆ ಹೋಯಿತು, ನನ್ನ ಕೈಗೆ ಮಾತ್ರ ಹೋಗಲು ಉದ್ದ ಸಾಲಲಿಲ್ಲ.

ಏರು ಇದರ ಕನ್ನಡಿ. ಅದೇ 20 ಡಿಗ್ರಿಗೆ ತೂಕದ ದಾರ 29 ಸೆಂ.ಮೀ. ಹಿಂದೆ ಬೀಳುತ್ತದೆ, ಹಿಂದಿನ ಚಕ್ರಕ್ಕೆ ಇನ್ನು ಉಳಿದಿರುವುದು ಸುಮಾರು 41 ಸೆಂ.ಮೀ. ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಅದರಲ್ಲಿ ಮತ್ತೆ 24 ಖರ್ಚು. ಹದಿನೇಳು ಸೆಂ.ಮೀ. ಉಳಿಯಿತು, ಅಷ್ಟರಲ್ಲಿ ಮುಂದಿನ ಚಕ್ರಕ್ಕೆ ಒಂದು ಬೇರು ಅಡ್ಡ ಬಂದರೆ ಗಾಡಿ ಎದ್ದು ನಿಲ್ಲುತ್ತದೆ. ಇಲ್ಲಿ ನೀವು 20 ಸೆಂ.ಮೀ. ಮುಂದೆ ಬರುವುದರಿಂದ ಸಿಗುವ 6 ಸೆಂ.ಮೀ. ದೊಡ್ಡದು. ಆದರೆ ಪೂರ್ತಿ ಹ್ಯಾಂಡಲ್ ಮೇಲೆ ಬಂದರೆ ಹಿಂದಿನ ಚಕ್ರ ಹಗುರಾಗಿ ಸುಮ್ನೆ ಸುತ್ತುತ್ತದೆ. ಸುತ್ತಿದರೆ ಸ್ವಲ್ಪ ಹಿಂದೆ, ಮುಂದಿನದು ಏಳುತ್ತಿದ್ದರೆ ಸ್ವಲ್ಪ ಮುಂದೆ, ಅಷ್ಟೇ ಸೂತ್ರ. ಅರ್ಧದಲ್ಲಿ ನಿಂತುಹೋದರೆ ಒಂದು ಮಾತು ನೆನಪಿರಲಿ. ಮುಂದಿನ ಬ್ರೇಕ್ ಒಂದನ್ನೇ ಹಿಡಿದು ನಿಲ್ಲಲು ಹೋಗಬೇಡಿ, ಆ ಚಕ್ರದ ಮೇಲೆ ಈಗ ತೂಕ ತೀರಾ ಕಮ್ಮಿ, ಲಾಕ್ ಆದ ಚಕ್ರದ ಸಮೇತ ಹಿಂದಕ್ಕೆ ಜಾರುತ್ತೀರಿ. ಗೇರಿನಲ್ಲೇ ಎಂಜಿನ್ ಆಫ್ ಆಗಲಿ, ಕ್ಲಚ್ ಬಿಟ್ಟಿರಲಿ, ಹಿಂದಿನ ಚಕ್ರವನ್ನು ಎಂಜಿನ್ ಹಿಡಿದುಕೊಳ್ಳುತ್ತದೆ. ಆಮೇಲೆ ಗುಡ್ಡದ ಮೇಲ್ಭಾಗದ ಕಡೆಗೆ ಗಾಡಿ ಮಲಗಿಸಿ ಉಸಿರಾಡಿ. ಗಾಡಿಯ ಕೆಳಬದಿಯಲ್ಲಿ ಮಾತ್ರ ನಿಲ್ಲಬೇಡಿ.

ತಿರುವಿನಲ್ಲಿ ಹೊರಗಿನ ಪೆಗ್ ತುಳಿದರೆ ಟೈರು ನೆಲಕ್ಕೆ ಜಾಸ್ತಿ ಒತ್ತುತ್ತದೆ ಅನ್ನುವ ಮಾತನ್ನೂ ನೀವು ಇಷ್ಟರಲ್ಲೇ ಕೇಳುತ್ತೀರಿ. ಒತ್ತುವುದಿಲ್ಲ. ಯಾವ ಪೆಗ್ ಮೇಲೆ ನಿಂತರೂ ನೆಲಕ್ಕೆ ಹೋಗುವ ತೂಕ ಅದೇ 233. ತಕ್ಕಡಿಯ ಮೇಲೆ ಒಂಟಿ ಕಾಲಲ್ಲಿ ನಿಂತರೆ ತೂಕ ಹೆಚ್ಚುತ್ತದಾ? ಲಾಭ ಬೇರೆ ಇದೆ. 15 ಕಿ.ಮೀ. ವೇಗದಲ್ಲಿ 5 ಮೀಟರ್ ತ್ರಿಜ್ಯದ ತಿರುವಿಗೆ ಒಟ್ಟು ತೂಕ ಸುಮಾರು 20 ಡಿಗ್ರಿ ವಾಲಬೇಕು. ನೀವು ಹೊರಗಿನ ಪೆಗ್ ಮೇಲೆ ನಿಂತು ಮೈಯನ್ನು ನೆಟ್ಟಗಿಟ್ಟರೆ ಸರಾಸರಿ ಸರಿಹೋಗಲು ಗಾಡಿ ಒಂದೇ 20ಕ್ಕಿಂತ ಜಾಸ್ತಿ ವಾಲುತ್ತದೆ. ಜಾಸ್ತಿ ವಾಲಿದ ಗಾಡಿ ಚಿಕ್ಕ ಜಾಗದಲ್ಲಿ ತಿರುಗುತ್ತದೆ, ಟೈರಿನ ಅಂಚಿನ ಗುಬುಟುಗಳು ಮಣ್ಣು ಕಚ್ಚುತ್ತವೆ. ಅಕಸ್ಮಾತ್ ಜಾರಿದರೂ ನೀವು ಗಾಡಿಯ ಕೆಳಗಲ್ಲ, ಮೇಲೆ ಇರುತ್ತೀರಿ. ರಸ್ತೆ ರೇಸಿನವರು ಮೈಯನ್ನು ಒಳಗೆ ಹಾಕುವುದು ಟಾರಿನ ಹಿಡಿತ ನಂಬಿಕೊಂಡು. ನಮಗೆ ಆ ನಂಬಿಕೆ ಇಲ್ಲ.

ಯಾವಾಗಲೂ ನಿಂತೇ ಇರಬೇಕೆಂದೇನೂ ಇಲ್ಲ. ನಯವಾದ ಮಣ್ಣಿನ ರಸ್ತೆಯಲ್ಲಿ ಕೂರಿ, ಕಾಲಿಗೆ ವಿಶ್ರಾಂತಿ. ಆಳ ಕೆಸರಿನಲ್ಲಿ ನಡಿಗೆಯ ವೇಗದಲ್ಲಿ ಹೋಗುವಾಗ ಕೂತು ಎರಡೂ ಕಾಲು ಊರುತ್ತಾ ಹೋಗುವುದರಲ್ಲಿ ಅವಮಾನ ಇಲ್ಲ. ದಣಿವಾದಾಗ ಕೂರಲೇಬೇಕು, ದಣಿದು ನಿಂತವರು ಹ್ಯಾಂಡಲ್‌ಗೆ ಜೋತು ಬೀಳುತ್ತಾರೆ. ಆದರೆ ವೇಗದಲ್ಲಿದ್ದಾಗ ಬೀಳುತ್ತೇನೆ ಅನ್ನಿಸಿ ಕಾಲು ಚಾಚುವುದು ಬೇಡ. ಪಾದ ನೆಲಕ್ಕೆ ಸಿಕ್ಕಿಕೊಂಡು ಗಾಡಿ ಮುಂದೆ ಹೋದರೆ ಕಣಕಾಲು, ಮಂಡಿ ತಿರುಚುತ್ತದೆ. ನಾನು ನೋಡಿದ ಪೆಟ್ಟುಗಳಲ್ಲಿ ಇದೇ ಜಾಸ್ತಿ, ಅದರಲ್ಲೂ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಂದವರಲ್ಲಿ.

ಹಿಮಾಲಯನ್ ವಿಷಯ. ಭಾರದ ಗಾಡಿ ನೆಲ ಕಚ್ಚುತ್ತದೆ ಅನ್ನುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಭಾರ ಹೆಚ್ಚಿದಷ್ಟು ಹಿಡಿತ ಹೆಚ್ಚುತ್ತದೆ ನಿಜ, ಇಳಿಜಾರು ಎಳೆಯುವ ಬಲವೂ ಅಷ್ಟೇ ಹೆಚ್ಚುತ್ತದೆ, ಎರಡೂ ಸಮ. ಹಿಮಾಲಯನ್ 450ರ ತೂಕ 196 ಕೆ.ಜಿ. ಇದೆ, ಅದರ ಮೇಲೆ ನೀವು 20 ಸೆಂ.ಮೀ. ಸರಿದರೆ ಕೇಂದ್ರ ಸರಿಯುವುದು ಐದೂವರೆ. 110 ಕೆ.ಜಿ. ಆಸುಪಾಸಿನ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಗಾಡಿಯ ಮೇಲೆ 8. ಹಗುರವಾದ ಗಾಡಿ ಮೈಯ ಮಾತನ್ನು ಜಾಸ್ತಿ ಕೇಳುತ್ತದೆ. ನೀವು ನೋಡುವ ವಿಡಿಯೋಗಳಲ್ಲಿ ಬಹುಪಾಲು ಅಂಥ ಗಾಡಿಗಳವು. ಅವರು ಮೈ ಎಸೆದ ಹಾಗೆ ನಾವು ಎಸೆದರೆ ಅಷ್ಟು ಫಲ ಸಿಗುವುದಿಲ್ಲ. ನಮ್ಮವರನ್ನೇ ನೋಡಬೇಕೆಂದರೆ 2015ರಲ್ಲಿ ಮರಳು, ಕಲ್ಲು ದಾರಿಗಳ ದೂರದ ರೇಸ್ ಆದ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಇದ್ದಾರೆ. 2019ರಲ್ಲಿ ಮುಗಿಸಿದ ಉಡುಪಿಯ ಕೆ.ಪಿ. ಅರವಿಂದ್ ಇದ್ದಾರೆ. ಇವರ ಓಟದ ದೃಶ್ಯ ಸಿಕ್ಕಿದರೆ ಗಾಡಿ ನೋಡಬೇಡಿ, ಹೆಲ್ಮೆಟ್ ನೋಡಿ. ಕೆಳಗೆ ಗಾಡಿ ಕುಣಿಯುತ್ತಿರುವಾಗ ಹೆಲ್ಮೆಟ್ ಎಷ್ಟು ಅಲ್ಲಾಡುತ್ತಿದೆ ಅಂತ ಗಮನಿಸಿ. ದೂರದ ಪ್ರಯಾಣ, ಹೆದ್ದಾರಿ ಜಾಸ್ತಿ ಇದ್ದರೆ ಹಿಮಾಲಯನ್ ಒಳ್ಳೆಯ ಗಾಡಿಯೇ. ತೋಟದ ದಾರಿಗೆ, ಒಬ್ಬರೇ ಎತ್ತಿ ನಿಲ್ಲಿಸಬೇಕಾದವರಿಗೆ, ನಿಮ್ಮ ಹತ್ತಿರ ಇರುವುದೇ ಸರಿ.

ರೈಸರ್ ಈಗಲೇ ಬೇಡ. ಹ್ಯಾಂಡಲ್ ಎತ್ತರಿಸಿದರೆ ಬೆನ್ನು ನೆಟ್ಟಗಾಗಿ ಆರಾಮ ಅನ್ನಿಸುತ್ತದೆ, ಆದರೆ ಏರಿನಲ್ಲಿ ಮುಂದೆ ಬಾಗಲು ಅದೇ ಅಡ್ಡ ಬರುತ್ತದೆ. ಜಾಸ್ತಿ ಎತ್ತರಿಸಿದರೆ ಕೇಬಲ್, ಬ್ರೇಕ್ ಹೋಸ್ ಪೂರ್ತಿ ತಿರುಗಿಸಿದಾಗ ಎಳೆಯುತ್ತವೆ. ಮೇಲೆ ಹೇಳಿದ ಹಾಗೆ ಒಂದು ತಿಂಗಳು ಬಾಗಿ ನಿಂತು ನೋಡಿ. ಆಮೇಲೂ ಹ್ಯಾಂಡಲ್ ತಗ್ಗು ಅನ್ನಿಸಿದರೆ 20 ಮಿ.ಮೀ.ನಿಂದ ಶುರು ಮಾಡಿ. ಸೊಂಟ ಹಿಡಿಯುವುದು ಆ ತಿಂಗಳಲ್ಲಿ ಕಮ್ಮಿಯಾಗದಿದ್ದರೆ, ಅಥವಾ ನೋವು ಕಾಲಿಗೆ ಇಳಿಯುತ್ತಿದ್ದರೆ, ಗಾಡಿ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಖರ್ಚಿಲ್ಲದ ಕೆಲಸ ಎರಡಿವೆ. ನಿಂತ ಭಂಗಿಯಲ್ಲಿ ಮುಂಗೈ ಮತ್ತು ಬೆರಳು ಒಂದೇ ಗೆರೆಯಲ್ಲಿ ಬರುವಷ್ಟು ಬ್ರೇಕ್, ಕ್ಲಚ್ ಲಿವರ್‌ಗಳನ್ನು ಕೆಳಕ್ಕೆ ತಿರುಗಿಸಿ. ಕಂಪನಿಯಿಂದ ಬರುವಾಗ ಅವು ಕೂತು ಓಡಿಸುವವರಿಗೆ ಇಟ್ಟಿರುತ್ತವೆ, ನಿಂತಾಗ ಮಣಿಕಟ್ಟು ಮೇಲಕ್ಕೆ ಮುರಿದ ಹಾಗಾಗುತ್ತದೆ, ನಿಮ್ಮ ಅಂಗೈ ಜುಮ್ ಅನ್ನುವುದರಲ್ಲಿ ಇದರದ್ದೂ ಪಾಲಿದೆ. ಟೈರಿನ ಗಾಳಿಯನ್ನು ಟಾರು ರಸ್ತೆಗಿಂತ 5-6 ಪಿಎಸ್‌ಐ ಕಮ್ಮಿ ಮಾಡಿದರೆ ಹಿಡಿತ ಹೆಚ್ಚುತ್ತದೆ. ಇನ್ನೂ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬ್ ಕಚ್ಚಿಸಿಕೊಳ್ಳುತ್ತದೆ, ರಿಮ್ ಬಾಗುತ್ತದೆ. ಊರಿಂದ ಬೆಂಗಳೂರಿಗೆ ಹೊರಡುವ ಮೊದಲು ಮರೆಯದೆ ತುಂಬಿಸಿ. ರೈಸರ್‌ಗೆ ಇಟ್ಟ ದುಡ್ಡಿನ ಜೊತೆ ಇನ್ನಷ್ಟು ಸೇರಿಸಿ ಕಣಕಾಲು ಮುಚ್ಚುವ ಬೂಟು ತಗೊಳ್ಳಿ. ಮೊಣಕೈ ಚರ್ಮ ಇನ್ನೂ ಬಂದಿಲ್ಲದಿದ್ದರೆ ಎಲ್ಬೋ ಗಾರ್ಡ್ ಕೂಡ. ಹೊಸ ಬೂಟು ಮೊದಲ ವಾರ ಗಟ್ಟಿಯಾಗಿರುತ್ತದೆ, ಗೇರ್ ಲಿವರ್ ಕಾಲಿಗೇ ಗೊತ್ತಾಗುವುದಿಲ್ಲ. ಅದಕ್ಕೆ ಮನೆಯ ಅಂಗಳದಲ್ಲಿ ಒಂದು ದಿನ ಹಾಕಿಕೊಂಡು ಓಡಾಡಿ, ಗೇರ್ ಲಿವರ್ ಅರ್ಧ ಇಂಚು ಮೇಲೆತ್ತಿಸಿಕೊಂಡು, ಆಮೇಲೆ ತೋಟಕ್ಕೆ ಇಳಿಯಿರಿ.